ಸಿರಿ ಮಹಾಕಾವ್ಯದ ಪಠ್ಯೀಕರಣ: ವಿದ್ವತ್ ಸಹಯೋಗದ ಒಂದು ನಿದರ್ಶನ

ತುಳುನಾಡಿನ ಸಿರಿ ಪಾಡ್ದನದ ದಾಖಲೀಕರಣವು ಭಿನ್ನ ಶಿಸ್ತುಗಳ ವಿದ್ವಾಂಸರು ಕೂಡಿ ನಡೆಸಿದ ಕಾರ್ಯ. ಫಿನ್ಲೆಂಡಿನ ತೌಲನಿಕ ಧರ್ಮಾಧ್ಯಯನ ಹಾಗೂ ಜಾನಪದದ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಅನೇಲಿ ಹಾಂಕೊ, ಕನ್ನಡ ಅಧ್ಯಯನದ ಹಿನ್ನೆಲೆಯ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಇವರು, ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಲವು ದಿನ ಹಾಡಿದ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಮುದ್ರಿಸಿಕೊಂಡರು. 15,683 ಸಾಲುಗಳ ಪಠ್ಯವು 1998ರಲ್ಲಿ ಹೆಲ್ಸಿಂಕಿಯಲ್ಲಿ ಪ್ರಕಟವಾಯಿತು.

ನಡುವಿನ ಎಂಟು ವರ್ಷಗಳನ್ನು ವಿಳಂಬವೆಂದು ಎಣಿಸಲಾಗದು. ಕೇಳಿದ್ದನ್ನು ಅಕ್ಷರಕ್ಕಿಳಿಸುವಲ್ಲಿ, ಸಾಲುಗಳನ್ನು ಗುರುತಿಸುವಲ್ಲಿ ತುಳು ಬಲ್ಲವರ ನಿರ್ಣಯವನ್ನು ಹಾಂಕೊ ನಂಬಬೇಕಿತ್ತು. ಅನ್ಯ ದೇಶಗಳ ಮೌಖಿಕ ಮಹಾಕಾವ್ಯಗಳೊಡನೆ ಸಿರಿಯನ್ನು ತೂಗಿ ನೋಡುವ ಅವರ ದೃಷ್ಟಿಯನ್ನು ಇಲ್ಲಿಯವರು ನಂಬಬೇಕಿತ್ತು. ಹಾಡುಗಾರನಲ್ಲಿರುವುದು ಕಂಠಪಾಠವಲ್ಲ, ಸಂದರ್ಭಕ್ಕೆ ತಕ್ಕಂತೆ ಹಿಗ್ಗುವ, ಕುಗ್ಗುವ ‘ಮಾನಸಿಕ ಪಠ್ಯ’ ಎಂಬ ಹಾಂಕೊ ಅವರ ಪರಿಕಲ್ಪನೆಗೆ ಬಲ ಬಂದುದು ಈ ಒಡನಾಟದಿಂದಲೇ. ಗೋಪಾಲ ನಾಯ್ಕರೂ ಬರಿಯ ವಕ್ತೃವಾಗಿ ಉಳಿಯಲಿಲ್ಲ. ಗ್ರಂಥದ ಶೀರ್ಷಿಕೆಯಲ್ಲಿಯೇ ಅವರ ಹೆಸರಿದೆ. (ನಮ್ಮ ಎಷ್ಟೋ ಹಳೆಯ ಸಂಗ್ರಹಗಳಲ್ಲಿ ಹಾಡಿದವರ ಹೆಸರೇ ಸಿಗದು.) ಆದರೆ ಆ ಸಂಪುಟಗಳಲ್ಲಿ ತುಳು ರೋಮನ್ ಲಿಪಿಯಲ್ಲಿಯೂ ಅನುವಾದ ಇಂಗ್ಲಿಷಿನಲ್ಲಿಯೂ ಇದ್ದುದರಿಂದ, ಸಿರಿಯನ್ನು ಆರಾಧಿಸುವ ಬಹುಪಾಲು ಜನರಿಗೆ ಅವು ಓದಿಗೆ ಎಟುಕುವಂತಿರಲಿಲ್ಲ.