ಉಗ್ರಾಣ ನಿರ್ವಹಣೆ (ವೃತ್ತಿ)

ಸರಕನ್ನು ಎಣಿಸಿ ಒಳಗಿಟ್ಟು, ಕೆಡದಂತೆ ಕಾಯ್ದು, ಲೆಕ್ಕ ತಪ್ಪದೆ ಹೊರಗೆ ಕಳಿಸುವ ಉದ್ಯೋಗ. ಕೇಂದ್ರ ಉಗ್ರಾಣ ನಿಗಮ 1957ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕ ರಾಜ್ಯದ ಉಗ್ರಾಣ ನಿಗಮವೂ ಅದೇ ವರ್ಷದ್ದು.

ಈ ವೃತ್ತಿಯ ಕಸುಬುದಾರಿಕೆ ಎದ್ದು ಕಾಣುವುದು ಧಾನ್ಯದ ಗೋದಾಮಿನಲ್ಲಿ. ಲಾರಿ ಬಂದೊಡನೆ ತೂಕ. ಬಳಿಕ ಚೀಲಕ್ಕೆ ಮೊನಚು ಕೊಳವೆ ಚುಚ್ಚಿ ತೆಗೆದ ಮಾದರಿಯಲ್ಲಿ ತೇವಾಂಶದ ಪರೀಕ್ಷೆ. ಹಮಾಲರು ಚೀಲಗಳನ್ನು ನೆಲಕ್ಕೆ ತಾಗದಂತೆ ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರ ಬಿಟ್ಟು ಅಟ್ಟಿ ಹಾಕುತ್ತಾರೆ. ಹುಳ ಕಂಡರೆ ಅಟ್ಟಿಗೆ ಹೊದಿಕೆ ಹೊದಿಸಿ, ಅಂಚಿಗೆ ಮರಳಿನ ಚೀಲ ಒತ್ತಿ, ಒಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುವುದುಂಟು. ಅದರಿಂದ ಹೊರಡುವ ಫಾಸ್ಫೀನ್ ಪ್ರಾಣಾಂತಿಕ ಅನಿಲ. ತರಬೇತಿ ಇಲ್ಲದವರ ಕೈಗೆ ಕೊಡುವಂಥದ್ದಲ್ಲ. ಮೊದಲು ಬಂದದ್ದು ಮೊದಲು ಹೋಗಬೇಕೆಂಬ ನಿಯಮ ಹೇಳಲು ಸುಲಭ. ಹಳೆಯ ಅಟ್ಟಿ ಹಿಂದೆ ಸಿಕ್ಕಿಕೊಂಡಾಗ ಪಾಲಿಸುವುದು ಕಷ್ಟ.

ಉಗ್ರಾಣದ ರಸೀದಿಯನ್ನು ಕೈಬದಲಾಯಿಸಬಹುದಾದ ಪತ್ರವಾಗಿ ಬಳಸಲು 2007ರ ಕಾಯ್ದೆ ಅವಕಾಶ ಕೊಟ್ಟಿತು. ರೈತ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು. ಹಾಗಾಗಿ ವ್ಯವಸ್ಥಾಪಕರ ಸಹಿಗೆ ಹಣದ ತೂಕವಿದೆ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುವ ಅಗತ್ಯ ತಗ್ಗಿ, ದೊಡ್ಡ ವಿತರಣಾ ಕೇಂದ್ರಗಳಿಗೆ ಬೇಡಿಕೆ ಏರಿತು. ಬೆಂಗಳೂರಿನ ಅಂಚಿನ ನೆಲಮಂಗಲ, ಹೊಸಕೋಟೆಗಳಲ್ಲಿ ಇಂಥವು ಸಾಲಾಗಿವೆ. ಇಲ್ಲಿ ಕೆಲಸವೆಲ್ಲ ಬಾರ್‌ಕೋಡ್ ಮತ್ತು ಫೋರ್ಕ್‌ಲಿಫ್ಟ್‌ನದು. ವಾಣಿಜ್ಯ ಪದವೀಧರರು ಸಾಮಾನ್ಯವಾಗಿ ದಾಸ್ತಾನು ಗುಮಾಸ್ತರಾಗಿ ಸೇರಿ, ಪಾಳಿಯ ಮೇಲ್ವಿಚಾರಕರಾಗಿ ಮೇಲೇರುತ್ತಾರೆ. ದಸರಾ, ದೀಪಾವಳಿಯ ಮಾರಾಟದ ವಾರಗಳಲ್ಲಿ ರಜೆ ಸಿಗುವುದು ಅಪರೂಪ.