ಪಣಜಿ–ರಿಬಂದರ್ ನಡುವಿನ ಲಿನ್ಯಾರಿಸ್ ಸೇತುವೆ

ಬೆಳಗಾವಿ, ಖಾನಾಪುರ ಕಡೆಯಿಂದ ಪಣಜಿಗೆ ಹೋಗುವವರು ಬಾಣಸ್ತಾರಿ ಸೇತುವೆ ದಾಟಿದರೆಂದರೆ ತಿಸವಾಡಿ ದ್ವೀಪಕ್ಕೆ ಬಂದಂತೆ. ಮಾಂಡವಿ, ಜುವಾರಿ ನದಿಗಳು ಹಾಗೂ ಅವೆರಡನ್ನು ಸೇರಿಸುವ ಕುಂಭಾರಜುವೆ ಕಾಲುವೆ ಇದನ್ನು ಸುತ್ತುವರಿದಿವೆ. ಹಳೇ ಗೋವಾ ದಾಟಿದ ಮೇಲೆ ರಿಬಂದರ್‌ನಿಂದ (ಕೊಂಕಣಿಗರ ರಾಯಬಂದರ) ಪಣಜಿಯ ಪಾಟೊವರೆಗೆ ಹಳೆಯ ರಸ್ತೆ ಮಾಂಡವಿಯ ದಡದಲ್ಲೇ ಸಾಗುತ್ತದೆ. ಬಸ್ಸಿನಲ್ಲಿ ಕೂತವರಿಗೆ ಅದು ಬರೀ ರಸ್ತೆ. ವಾಸ್ತವದಲ್ಲಿ ಅದು ಸುಮಾರು 3.2 ಕಿ.ಮೀ. ಉದ್ದದ, ಕಮಾನುಗಳಿರುವ ಕಲ್ಲಿನ ಸೇತುವೆ.

ಪೋರ್ಚುಗೀಸ್ ವೈಸರಾಯ್ ಮಿಗೆಲ್ ದ ನೊರೊನ್ಯಾ 1633-34ರಲ್ಲಿ ಇದನ್ನು ಕಟ್ಟಿಸಿದ. ಆತ ಲಿನ್ಯಾರಿಸ್‌ನ ಕೌಂಟ್ ಆಗಿದ್ದರಿಂದ ಸೇತುವೆಗೂ ಅದೇ ಹೆಸರು. ನಮ್ಮಲ್ಲಿ ಆಗ ಇಕ್ಕೇರಿ ನಾಯಕರ ಆಳ್ವಿಕೆ. ಕನ್ನಡ ಕರಾವಳಿಯ ಅಕ್ಕಿ, ಕಾಳುಮೆಣಸು ಹಡಗೇರಿ ಗೋವಾಕ್ಕೆ ಹೋಗುತ್ತಿದ್ದ ಕಾಲ. ಪಣಜಿ ರಾಜಧಾನಿಯಾದದ್ದು ಬಹಳ ತಡವಾಗಿ, 1843ರಲ್ಲಿ.

ಕಟ್ಟಡ ಚಿರೆಕಲ್ಲಿನದು. ಜೌಗು ನೆಲದಲ್ಲಿ ಮರದ ದಿಮ್ಮಿಗಳನ್ನು ಹೂತು ಅವುಗಳ ಮೇಲೆ ಕಲ್ಲು ಕಟ್ಟಿದ್ದಾರೆ ಎನ್ನಲಾಗುತ್ತದೆ. ಇಲ್ಲಿ ಗೋಡೆಯಂತೆ ಒಡ್ಡು ಹಾಕಿಬಿಟ್ಟಿದ್ದರೆ ದಕ್ಷಿಣಕ್ಕಿರುವ ಉಪ್ಪಿನ ಆಗರಗಳಿಗೆ (ಮಿಠಾಗರ) ನೀರೇ ಸಿಗುತ್ತಿರಲಿಲ್ಲ. ಭರತ ಬಂದಾಗ ಮಾಂಡವಿಯ ಉಪ್ಪುನೀರು ಕಮಾನುಗಳಡಿ ಒಳನುಗ್ಗುತ್ತದೆ, ಇಳಿತದಲ್ಲಿ ವಾಪಸಾಗುತ್ತದೆ. ಕುಮಟಾ ಕಡೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಮಳೆಗಾಲದಲ್ಲಿ ಗದ್ದೆಬಯಲಿನ ನೀರು ಹೊರಬೀಳಬೇಕಾದದ್ದೂ ಈ ಬಾಯಿಗಳಿಂದಲೇ. ಆದ್ದರಿಂದ ಹೂಳು, ಕಸ ತುಂಬಿ ಕಮಾನು ಮುಚ್ಚಿದರೆ ರಸ್ತೆ ಚೆನ್ನಾಗಿದ್ದರೂ ಸೇತುವೆ ಕೆಟ್ಟಂತೆಯೇ ಸರಿ.

ಹತ್ತಿರದಲ್ಲೇ ಮಾಂಡವಿಗೆ ಅಡ್ಡಲಾಗಿ ಕಟ್ಟಿದ್ದ ನೆಹರೂ ಸೇತುವೆ 1986ರ ಜುಲೈ 5ರಂದು ಕುಸಿದು ಬಿತ್ತು. ಅದಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಮುರಿದು ಲಾರಿಯೊಂದು ನೀರಿಗೆ ಬಿದ್ದದ್ದು (ಚಾಲಕನನ್ನು ರಕ್ಷಿಸಲಾಯಿತು) ಗಡಿಭಾಗದವರಿಗೆ ನೆನಪಿದೆ. ಹಾಗೆಂದು ಹಳಬರ ಕೆಲಸವೆಲ್ಲ ಗಟ್ಟಿ, ಈಗಿನವರದೆಲ್ಲ ಕಳಪೆ ಎನ್ನುವುದು ಸರಿಯಲ್ಲ. ಮಾಂಡವಿಯ ಅಗಲ, ಆಳ ಬೇರೆ. ಲಿನ್ಯಾರಿಸ್ ಸೇತುವೆ ನಿಂತಿರುವುದು ದಡದ ಜೌಗಿನಲ್ಲಿ, ಚಿಕ್ಕ ಚಿಕ್ಕ ಕಮಾನುಗಳ ಮೇಲೆ. ಕಮಾನಿನಲ್ಲಿ ಭಾರವೆಲ್ಲ ಕಲ್ಲನ್ನು ಕಲ್ಲಿಗೆ ಒತ್ತುತ್ತದೆ, ತುಕ್ಕು ಹಿಡಿಯಲು ಒಳಗೆ ಕಬ್ಬಿಣವಿಲ್ಲ. ಆದರೆ ಅದನ್ನು ಕಟ್ಟಿದ್ದು ಪಲ್ಲಕ್ಕಿ, ಕುದುರೆಗಳ ಕಾಲಕ್ಕೆ, ಹತ್ತಾರು ಟನ್ ಹೊತ್ತ ಲಾರಿಗಳಿಗಲ್ಲ.

ಇಳಿತದ ಹೊತ್ತಿನಲ್ಲಿ ರಸ್ತೆಯಂಚಿಗೆ ಹೋಗಿ ಕೆಳಗೆ ಇಣುಕಿದರೆ ಕಮಾನುಗಳು ಕಾಣುತ್ತವೆ.