ರೀಬೂಟ್ ಮಾಡದೆ ಉಳಿಸಿಕೊಂಡ ಯಂತ್ರ

1986ರ ಅಕ್ಟೋಬರ್ 1, ಬುಧವಾರ. ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಒಬ್ಬರಿಗೆ ಮೇಲ್ ಕಳಿಸಲು ತೊಂದರೆಯಾಯಿತು. ಪಕ್ಕದ ಟರ್ಮಿನಲ್‌ನಲ್ಲಿ ಬಳಕೆದಾರರ ಪಟ್ಟಿಯಿರುವ ಫೈಲನ್ನು ನೋಡಹೋದರೆ ಅಂಥ ಫೈಲೇ ಇಲ್ಲವೆಂಬ ಉತ್ತರ ಬಂತು. ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕಮಾಂಡ್ ಕೂಡ ಮಾಯವಾಗಿತ್ತು. ಹೊಸದಾಗಿ ಸೇರಿದ್ದ ಪ್ರೋಗ್ರಾಮರ್ ಒಬ್ಬರು, ಯಾವುದಕ್ಕೂ ತಡೆಯಿಲ್ಲದ ‘ರೂಟ್’ ಲಾಗಿನ್‌ನಲ್ಲಿದ್ದಾಗ, ಇರುವುದನ್ನೆಲ್ಲ ಅಳಿಸುವ ಕಮಾಂಡ್ ಕೊಟ್ಟುಬಿಟ್ಟಿದ್ದರು.

ಅದು ಹಲವರು ಒಟ್ಟಿಗೆ ಬಳಸುತ್ತಿದ್ದ ವ್ಯಾಕ್ಸ್ ಕಂಪ್ಯೂಟರ್. ಅದರಲ್ಲಿ ಓಡುತ್ತಿದ್ದುದು ಯುನಿಕ್ಸ್. ಅಳಿಸುವಿಕೆಯನ್ನು ನಡುವೆಯೇ ತಡೆದದ್ದರಿಂದ ಬಳಕೆದಾರರ ಫೈಲುಗಳು ಉಳಿದವು. ಆದರೆ ‘ಬಿನ್’, ‘ಎಟ್ಸಿ’, ‘ಡೆವ್’, ‘ಲಿಬ್’ ಎಂಬ ನಾಲ್ಕು ಮುಖ್ಯ ಡೈರೆಕ್ಟರಿಗಳು ಪೂರ್ತಿ ಹೋಗಿದ್ದವು. ಕೆಲವರು ಪಿಎಚ್‌.ಡಿ. ಪ್ರಬಂಧದ ಕೊನೆಯ ಹಂತದಲ್ಲಿದ್ದರು. ಬಳಕೆದಾರರ ಫೈಲುಗಳ ಬ್ಯಾಕಪ್ ನಡೆಯುತ್ತಿದ್ದುದು ಪ್ರತಿ ಗುರುವಾರ, ಅಂದು ಬುಧವಾರ. ಡಿಸ್ಕ್ ಕೈಕೊಟ್ಟರೆ ಸುಮಾರು ಒಂದು ವಾರದ ಬರವಣಿಗೆ ಹೋದಂತೆಯೇ.

ಎಲ್ಲರಿಗೂ ಮೊದಲು ಹೊಳೆದದ್ದು ರೀಬೂಟ್. ಹಾಗೆ ಮಾಡಿದ್ದರೆ ಯಂತ್ರ ಮತ್ತೆ ಏಳುವ ಸಂಭವ ಕಡಿಮೆಯಿತ್ತು. ಯುನಿಕ್ಸ್ ಶುರುವಾಗುವಾಗ ಮೊದಲು ಓಡಬೇಕಾದ ‘ಇನಿಟ್’ ಪ್ರೋಗ್ರಾಂ ಅಳಿದುಹೋದ ‘ಎಟ್ಸಿ’ಯಲ್ಲೇ ಇತ್ತು. ಆಗಲೇ ಮೆಮೊರಿಗೆ ಬಂದು ಓಡುತ್ತಿದ್ದ ಪ್ರೋಗ್ರಾಂಗಳು ಮಾತ್ರ ಇನ್ನೂ ಜೀವಂತವಾಗಿದ್ದವು. ಯಂತ್ರ ಆರಿಸಿದ್ದರೆ ಅವೂ ಇಲ್ಲವಾಗುತ್ತಿದ್ದವು.

ನಾಲ್ಕು ವಾರದ ಹಿಂದಿನ ಬ್ಯಾಕಪ್ ಟೇಪೊಂದು ಕಪಾಟಿನಲ್ಲಿ ಸಿಕ್ಕಿತು. ಅದನ್ನು ಓದಿ ಫೈಲುಗಳನ್ನು ಮರಳಿ ಹಾಕುವ ಪ್ರೋಗ್ರಾಂ ‘ಎಟ್ಸಿ’ಯ ಜತೆಗೇ ಹೋಗಿತ್ತು. ಟೇಪ್ ಡ್ರೈವಿನ ಗುರುತು ‘ಡೆವ್’ನಲ್ಲಿತ್ತು, ಅದೂ ಇಲ್ಲ. ಪಕ್ಕದ ವ್ಯಾಕ್ಸ್‌ನಿಂದ ನೆಟ್‌ವರ್ಕ್ ಮೂಲಕ ತರೋಣವೆಂದರೆ ಬೇರೆ ಯಂತ್ರಗಳ ವಿಳಾಸಗಳೂ ‘ಎಟ್ಸಿ’ಯಲ್ಲೇ ಇದ್ದವು. ಬೀಗದ ಕೈಯನ್ನು ಒಳಗೇ ಇಟ್ಟು ಬಾಗಿಲು ಎಳೆದುಕೊಂಡ ಸ್ಥಿತಿ.

ಈ ಘಟನೆಯನ್ನು ಮುಂದೆ ಬರೆದಿಟ್ಟ ಮಾರಿಯೋ ವೊಲ್ಚ್ಕೊ ಅವರ ಪರದೆಯ ಒಂದು ಕಿಟಕಿಯಲ್ಲಿ ಎಮ್ಯಾಕ್ಸ್ ಎಂಬ ಎಡಿಟರ್ ಇನ್ನೂ ತೆರೆದೇ ಇತ್ತು. ಅನಾಹುತ ನಡೆದ ಟರ್ಮಿನಲ್‌ನಲ್ಲಿ ರೂಟ್ ಲಾಗಿನ್ ಕೂಡ ಹಾಗೇ ಇತ್ತು. ವ್ಯಾಕ್ಸ್ ಅಸೆಂಬ್ಲಿ ಭಾಷೆ ಬಲ್ಲ ಸಹೋದ್ಯೋಗಿಯೊಬ್ಬರು ಬಂದು ಸೇರಿದರು. ‘ಎಟ್ಸಿ’ ಎಂಬ ಖಾಲಿ ಡೈರೆಕ್ಟರಿಯನ್ನು ಸೃಷ್ಟಿಸುವುದಷ್ಟೇ ಕೆಲಸವಾದ, ಹತ್ತು-ಹನ್ನೆರಡು ಸಾಲಿನ ಪ್ರೋಗ್ರಾಂ ಸಿದ್ಧವಾಯಿತು. ಇನ್ನೊಂದು ವ್ಯಾಕ್ಸ್‌ನಲ್ಲಿ ಅದನ್ನು ಯಂತ್ರಭಾಷೆಗೆ ತಿರುಗಿಸಿದಾಗ ಬಂದದ್ದು 76 ಬೈಟ್. ಆ ಅಂಕಿ-ಅಕ್ಷರಗಳನ್ನು ಎಮ್ಯಾಕ್ಸ್‌ನಲ್ಲಿ ಕೈಯಾರೆ ಟೈಪ್ ಮಾಡಿದರು. ಫೈಲನ್ನು ಓಡಿಸಲು ಅನುಮತಿ ಕೊಡುವ ಕಮಾಂಡೂ ಇರಲಿಲ್ಲ. ಅದಕ್ಕಾಗಿ, ಮೊದಲೇ ಅನುಮತಿ ಪಡೆದಿದ್ದ ಹಳೆಯ ಪ್ರೋಗ್ರಾಂ ಒಂದರ ಮೇಲೆಯೇ ಇದನ್ನು ಬರೆದರು. ‘ಎಟ್ಸಿ’ ಹುಟ್ಟಿತು. ಅದರೊಳಗೆ ಅಗತ್ಯದ ಫೈಲುಗಳನ್ನು ಹೊಸದಾಗಿ ಬರೆದದ್ದೇ ನೆಟ್‌ವರ್ಕ್ ಕೆಲಸ ಮಾಡಿತು. ಪಕ್ಕದ ಯಂತ್ರದಿಂದ ‘ಬಿನ್’ ಬಂತು, ಟೇಪಿನಿಂದ ‘ಡೆವ್’ ಬಂತು.

ಮೂವತ್ತೆಂಟು ವರ್ಷಗಳ ನಂತರ ಇದೇ ತೊಡಕು ಜಗತ್ತಿನಾದ್ಯಂತ ಕಾಣಿಸಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ದೋಷಯುಕ್ತ ಫೈಲಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುಬಿದ್ದವು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪನಿ 78 ನಿಮಿಷದಲ್ಲೇ ಆ ಫೈಲನ್ನು ಹಿಂತೆಗೆದುಕೊಂಡಿತ್ತು. ಆದರೆ ಪೂರ್ತಿ ಶುರುವಾಗುವ ಮೊದಲೇ ಬೀಳುತ್ತಿದ್ದ ಯಂತ್ರಕ್ಕೆ ನೆಟ್‌ವರ್ಕ್ ಮೂಲಕ ಪರಿಹಾರ ಮುಟ್ಟಿಸುವುದು ಕಷ್ಟ. ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ಗೆ ಹೋಗಿ ಫೈಲನ್ನು ಅಳಿಸಬೇಕಾಯಿತು. ಕ್ಲೌಡ್‌ನಲ್ಲಿದ್ದ ಸರ್ವರುಗಳಿಗೆ ಸೂಚಿಸಿದ ಮಾರ್ಗವೊಂದು ಹೀಗಿತ್ತು: ಡಿಸ್ಕನ್ನು ಬಿಡಿಸಿ ಸರಿಯಿರುವ ಸರ್ವರಿಗೆ ಜೋಡಿಸಿ, ಅಲ್ಲಿ ಫೈಲು ತೆಗೆದು, ಮತ್ತೆ ಮೊದಲಿನ ಜಾಗಕ್ಕೇ ತನ್ನಿ.

ಬಿದ್ದ ಯಂತ್ರಕ್ಕೆ ಬೇಕಾದ ಊರುಗೋಲು ಅದರ ಹೊರಗೇ ಇರಬೇಕು. ಇಂದು ಪ್ರತ್ಯೇಕ ರಿಕವರಿ ಪಾರ್ಟಿಷನ್, ಬೂಟ್ ಆಗಬಲ್ಲ ಪೆನ್‌ಡ್ರೈವ್‌ಗಳು ಇರುವುದು ಅದಕ್ಕೇ. ಮ್ಯಾಂಚೆಸ್ಟರಿನಲ್ಲಿ ಆ ದಿನ ಅಂಥ ಊರುಗೋಲಾದದ್ದು ಪಕ್ಕದ ವ್ಯಾಕ್ಸ್, ಮುಚ್ಚದೆ ಬಿಟ್ಟಿದ್ದ ಒಂದು ಕಿಟಕಿ, ಮತ್ತು ಪವರ್ ಸ್ವಿಚ್ಚಿಗೆ ಕೈ ಹಾಕದೆ ಯೋಚಿಸುತ್ತ ಕುಳಿತ ಕೆಲವರು.